ಹಳೆಯ ಫೆಲ್ಟ್ ಟೋಪಿಯ ಒಳಮೈ

ಫೆಲ್ಟ್ ಎಂಬುದು ನೂತು ನೇಯ್ದ ಬಟ್ಟೆಯಲ್ಲ. ರೋಮವನ್ನು ಬಿಸಿನೀರು, ಹಬೆಗಳಲ್ಲಿ ಒತ್ತಿ ಒಂದಾಗಿಸಿದ ವಸ್ತು. ಪಾಶ್ಚಾತ್ಯ ಪುರುಷರ ಹಳೆಯ ಹ್ಯಾಟುಗಳನ್ನು ಬಲ್ಲವರು ಹೊರಗಿನ ಚೆಲುವಿಗೆ ಮರುಳಾಗದೆ (ಅದು ನಮ್ಮೆಲ್ಲರ ದೌರ್ಬಲ್ಯ!) ಒಳಗಿನ ಚರ್ಮದ ಪಟ್ಟಿಯನ್ನು ಮಗುಚಿ ನೋಡುತ್ತಾರೆ. ತಯಾರಕರ ಮುದ್ರೆ, ಅಳತೆಯ ಚೀಟಿಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. 1857ರಲ್ಲಿ ಇಟಲಿಯಲ್ಲಿ ಆರಂಭವಾದ ಬೋರ್ಸಾಲಿನೊ, 1865ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಟೆಟ್ಸನ್ ಇಂದಿಗೂ ಬಳಕೆಯಲ್ಲಿರುವ ಹೆಸರುಗಳಾದುದರಿಂದ ಹೆಸರೊಂದರಿಂದಲೇ ಕಾಲನಿರ್ಣಯವಾಗದು. ಮೊಲ, ಬೀವರ್‌ಗಳ ರೋಮದ ಫೆಲ್ಟ್ ಬೆರಳಿಗೆ ನುಣುಪು. ಕುರಿಯುಣ್ಣೆಯದು ತುಸು ಒರಟು.

ಆ ನುಣುಪಿನ ಹಿಂದೆ ಅನೇಕರ ಸಂಕಟವಿದೆ. ಮೊಲದ ರೋಮ ಬಿಗಿಯಾಗಿ ಹೆಣೆದುಕೊಳ್ಳಲೆಂದು ಅದಕ್ಕೆ ಪಾದರಸದ ಲವಣವನ್ನು ಲೇಪಿಸುತ್ತಿದ್ದರು. ಅದರ ಆವಿಯನ್ನು ಉಸಿರಾಡಿದ ಕಾರ್ಮಿಕರ ಕೈಗಳು ನಡುಗುತ್ತಿದ್ದವು, ಚಿತ್ತ ಕದಡುತ್ತಿತ್ತು. ಅಮೆರಿಕದಲ್ಲಿ ಟೋಪಿ ತಯಾರಿಕೆಗೆ ಹೆಸರಾಗಿದ್ದ ಡ್ಯಾನ್‌ಬರಿ ಪಟ್ಟಣದಲ್ಲಿ ಈ ವ್ಯಾಧಿಗೆ ‘ಡ್ಯಾನ್‌ಬರಿ ನಡುಕ’ವೆಂದೇ ಹೆಸರಾಯಿತು. ಆ ದೇಶದಲ್ಲಿ ಇದಕ್ಕೆ ನಿಷೇಧ ಬಂದುದು 1941ರಲ್ಲಿ.

ಅದಕ್ಕೂ ಹಿಂದಿನ ಟೋಪಿಯಲ್ಲಿ ಪಾದರಸದ ಶೇಷ ಇನ್ನೂ ಇರಬಹುದು. ಅಂಥದನ್ನು ಆಕಾರ ತಿದ್ದಲೆಂದು ಮನೆಯಲ್ಲಿ ಹಬೆಗೆ ಹಿಡಿಯಬಾರದು, ಮಕ್ಕಳ ತಲೆಗೂ ಇಡಬಾರದು. ಈಚಿನದನ್ನು ಧರಿಸುವವರು ಅಂಚನ್ನು ಎರಡೂ ಕೈಗಳಿಂದ ಹಿಡಿಯಲಿ. ನೆತ್ತಿಯ ಮಡಿಕೆಯನ್ನು ಪದೇಪದೇ ಚಿವುಟಿ ಎತ್ತಿದರೆ ಫೆಲ್ಟ್ ಅಲ್ಲಿಯೇ ಸೀಳುತ್ತದೆ. ಕೆಳಗಿಡುವಾಗ ನೆತ್ತಿ ಕೆಳಗಾಗಿರಲಿ, ಅಂಚು ಬಾಗದು.