ಬಣ್ಣಕ್ಕೇ ಬೆಲೆ, ಅಳೆಯೋದು ಮಾತ್ರ ಕಣ್ಣು

ಜತ್ತ: ನಾಲ್ಕು ಕೆ.ಜಿ. ಹಸಿ ದ್ರಾಕ್ಷಿ ಒಣಗಿಸಿದರೆ ಕೈಗೆ ಸಿಗೋದು ಹೆಚ್ಚುಕಡಿಮೆ ಒಂದು ಕೆ.ಜಿ. ಒಣದ್ರಾಕ್ಷಿ. ಅದಕ್ಕೆ ಎಷ್ಟು ರೊಕ್ಕ ಅನ್ನೋದನ್ನು ನಿರ್ಧರಿಸೋದು ಅದರ ಮೈಬಣ್ಣ. ಹಸಿರು ಮಾಲಿಗೆ ಒಂದು ದರ, ಹಳದಿಗೆ ಇನ್ನೊಂದು. ಕರ್ರಗಾತು ಅಂದರೆ ಮುಗೀತು!

ತಾಲೂಕಿನ ಉಮದಿ, ಬಿಳೂರ ಕಡೆ ಬೇಸಿಗೆ ಬಂತೆಂದರೆ ಒಣದ್ರಾಕ್ಷಿ ಶೆಡ್‌ಗಳಲ್ಲಿ ಬಿಡುವಿಲ್ಲದ ಕೆಲಸ. ಪ್ರತಿ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಬೆರೆಸಿ ಗೊನೆ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ನೀರು ಬೇಗ ಹೊರಬೀಳುತ್ತದೆ. ನೆರಳಿನ ಜಾಳಿಗೆಯ ಮೇಲೆ ಎರಡು ವಾರದ ಆಸುಪಾಸು ಒಣಗಬೇಕು. ನಡುವೆ ಅಕಾಲಿಕ ಮಳೆ ಬಂದು ಒಣಗೋದು ತಡವಾದರೆ ಹಣ್ಣಿನೊಳಗಿನ ಕಿಣ್ವ ಕೆಲಸ ಶುರು ಮಾಡಿ ಬಣ್ಣ ಕಂದಿಸುತ್ತದೆ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಕೆಳದರ್ಜೆಗೆ ಇಳಿಯೋದು ಹೀಗೆ.

ಹರಾಜಿನಲ್ಲಿ ಬಾಕ್ಸ್ ಒಡೆದು ಬೊಗಸೆಯಲ್ಲಿ ಹಿಡಿದು ನೋಡುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಒಂದು ಬಣ್ಣ, ಬಯಲಿನಲ್ಲಿ ಇನ್ನೊಂದು. ನೋಡುವ ಕಣ್ಣೂ ಬೇರೆ ಬೇರೆ.

ಬಣ್ಣ ಅಳೆಯುವ ಯಂತ್ರ ಇಲ್ಲವೆಂದಲ್ಲ. ಕಲರಿಮೀಟರ್ ತನ್ನದೇ ಬೆಳಕು ಬಿಟ್ಟು ಮೂರು ಅಂಕಿ ಕೊಡುತ್ತದೆ: ಕಪ್ಪಿನಿಂದ ಬಿಳುಪಿನತನಕ ಸೊನ್ನೆಯಿಂದ 100, ಹಸಿರೋ ಕೆಂಪೋ, ಹಳದಿಯೋ ನೀಲಿಯೋ. 1976ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಒಪ್ಪಿದ ಈ ಪದ್ಧತಿಯಲ್ಲೇ ಪೇಂಟು, ಬಟ್ಟೆ, ಟೈಲ್ಸ್ ಕಾರ್ಖಾನೆಗಳು ಮಾಲು ಪರೀಕ್ಷಿಸುತ್ತವೆ. ಹೊಳಪಿಗೂ ಮೀಟರ್ ಇದೆ. ಆದರೆ ಅದಕ್ಕೆ ಚಪ್ಪಟೆ ಮೈ ಬೇಕು, ಸುಕ್ಕುಗಟ್ಟಿದ ಒಣದ್ರಾಕ್ಷಿಗೆ ಒಗ್ಗದು. ಬಣ್ಣ ಅಳೆಯುವುದಾದರೂ ಒಂದು ಕಾಳನ್ನಲ್ಲ, ಬಟ್ಟಲು ತುಂಬ ಹಾಕಿ ಹಲವು ಸಲ ಅಳೆದು ಸರಾಸರಿ ತೆಗೆಯಬೇಕು.

ಸಂಸ್ಕರಣೆ ಘಟಕಗಳ ಕಲರ್ ಸಾರ್ಟರ್‌ನಲ್ಲಿ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡಿ, ಕರ್ರಗಿದ್ದುದನ್ನು ಗಾಳಿ ಊದಿ ಹೊರಹಾಕುತ್ತದೆ. ಎಷ್ಟು ಕಪ್ಪಾದರೆ ಹೊರಗೆ ಎಂಬ ಮಿತಿ ಕಟ್ಟುವವನು ಯಂತ್ರ ನಡೆಸುವವನೇ. ರೈತನಿಗೆ ಕಾಣೋದು ಎರಡು ಗುಂಪು ಅಷ್ಟೇ, ಅಂಕಿ ಅಲ್ಲ.

ಗಂಧಕದ ಹೊಗೆ ಕೊಟ್ಟರೆ ಮೈ ಹಳದಿಗೆ ತಿರುಗುತ್ತದೆ ನಿಜ. ಹೊಗೆ ಅತಿಯಾದರೆ ಉಳಿಕೆ ಪರೀಕ್ಷೆಯಲ್ಲಿ ಮಾಲು ಸಿಕ್ಕಿಬೀಳುತ್ತದೆ, ಬಣ್ಣ ಎಷ್ಟು ಚೆಂದವಿದ್ದರೂ ಅಷ್ಟೇ.

ಸಾಂಗಲಿ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ದರ ಏರಲೆಂದು ಬಾಕ್ಸ್‌ಗಳನ್ನು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಡುವುದು ಇಲ್ಲಿ ರೂಢಿ. ಹೊರತೆಗೆದಾಗ ಬಣ್ಣ ಇಳಿದಿದೆ ಎಂದು ದರ ಮುರಿದರೆ, ಇಟ್ಟಾಗ ಎಷ್ಟಿತ್ತು ಅಂತ ತೋರಿಸಲು ರೈತನ ಚೀಟಿಯಲ್ಲಿ ತೂಕ ಇರುತ್ತದೆ, ಬಣ್ಣದ ಅಂಕಿ ಇರೋದಿಲ್ಲ.