ಗಿರಣಗಾಂವದ ಹಾಡುಗಾರರು

ಗಿರಣಿ ಎಂಬ ಶಬ್ದ ನಮ್ಮ ಜತ್ತ ತಾಲೂಕಿನ ಯಾವ ಮಗುವಿಗೂ ಹೊಸದಲ್ಲ. ಜೋಳದ ಡಬ್ಬಿ ಹೊತ್ತು ಗಿರಣಿಯ ಮುಂದೆ ಪಾಳಿ ಹಚ್ಚಿ ನಿಲ್ಲದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಾರನು. ಆದರೆ ನಮ್ಮ ಹಿರಿಯರು 'ಅವ ಗಿರಣಿಗೆ ಹೋದ' ಎಂದರೆ ಅದರ ಅರ್ಥ ಬೇರೆ. ಮಳೆ ಹೋಯಿತು, ಹೊಲ ಬಿಕೋ ಎಂದಿತು, ಆತ ಮುಂಬಯಿಗೆ ಹೋಗಿ ಬಟ್ಟೆಯ ಗಿರಣಿಯಲ್ಲಿ ಕೆಲಸಕ್ಕೆ ನಿಂತ, ಎಂದು ಅದರ ತಾತ್ಪರ್ಯ. ನಮ್ಮ ದೊಡ್ಡಪ್ಪನವರು ಹಾಗೆ ಹೋದವರಲ್ಲಿ ಒಬ್ಬರು. ಅವರು ಮುಂಬಯಿಯಿಂದ ತಿರುಗಿ ಬಂದಾಗ ತಂದದ್ದು ಒಂದು ಕಬ್ಬಿಣದ ಟ್ರಂಕು, ಒಂದು ತುಣತುಣೆ. ಆ ತುಣತುಣೆಯ ಹಿಂದಿನ ಕಥೆಯನ್ನು ಈ ವರ್ಷದ ಸಂಚಿಕೆಯಲ್ಲಿ ಬರೆಯಬೇಕೆಂದು ನಮಗೆ ತೋರಿತು.

ಮುಂಬಯಿಯ ಪರೇಲ, ಲಾಲಬಾಗ, ಶಿವಡಿ, ವರಳಿ ಮುಂತಾದ ಭಾಗಗಳಿಗೆ ಕೂಡಿ ಗಿರಣಗಾಂವ, ಎಂದರೆ ಗಿರಣಿಗಳ ಊರು, ಎಂಬ ಹೆಸರಿತ್ತು. ಕಾವಸಜಿ ದಾವರ ಎಂಬ ಪಾರ್ಸಿ ಉದ್ಯಮಿ 1854ರಲ್ಲಿ ಕಂಪನಿ ಸ್ಥಾಪಿಸಿ ಮುಂಬಯಿಯ ಮೊದಲ ಹತ್ತಿಯ ಗಿರಣಿಯನ್ನು ಕಟ್ಟಿದರು. ಮುಂದೆ ಆ ಊರು ಬೆಳೆಯಿತು. 1982ರ ಹೊತ್ತಿಗೆ ಅಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರಿದ್ದರು. ಕೊಂಕಣದವರು, ಸಾತಾರಾ, ಸಾಂಗಲಿ, ಕೊಲ್ಹಾಪುರದ ಕಡೆಯ ಘಟ್ಟದವರು, ತೆಲುಗು ನೇಕಾರರು, ಉತ್ತರ ಹಿಂದುಸ್ಥಾನದವರು, ನಡುವೆ ನಮ್ಮಂಥ ಕೆಲವು ಕನ್ನಡದ ಮನೆಯವರೂ.

ಇವರು ಇದ್ದದ್ದು ಚಾಳಗಳಲ್ಲಿ. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿ. ಅದರಲ್ಲಿ ಹದಿನೈದು ಜನ, ಕೆಲವೊಮ್ಮೆ ಇಪ್ಪತ್ತು. ಇಷ್ಟು ಜನ ಮಲಗುವುದು ಹೇಗೆಂದು ನೀವು ಕೇಳಬಹುದು. ಗಿರಣಿ ನಡೆಯುತ್ತಿದ್ದುದು ಮೂರು ಪಾಳಿಯಲ್ಲಿ. ಒಬ್ಬನು ಏಳುವಾಗ ಇನ್ನೊಬ್ಬನು ಅದೇ ಜಾಗದಲ್ಲಿ ಮಲಗುವನು. ಊಟ ಖಾನಾವಳಿಯಲ್ಲಿ, ಹೆಂಡತಿ ಮಕ್ಕಳು ಊರಲ್ಲಿ. ಒಂದೊಂದು ಊರಿನವರು ಕೂಡಿ ವರ್ಗಣಿ ಹಾಕಿ ಖೋಲಿ ಹಿಡಿಯುತ್ತಿದ್ದಂತೆಯೇ, ವರ್ಗಣಿ ಹಾಕಿ ತಾಳ, ಮೃದಂಗ, ಪೇಟಿ ಕೊಳ್ಳುತ್ತಿದ್ದರು. ಮಗ್ಗದ ವಿಭಾಗದಲ್ಲಿ ಎಂಟು ತಾಸು ನಿಂತರೆ ಸದ್ದಿನಲ್ಲಿ ಪಕ್ಕದವನ ಮಾತು ಕೇಳುವುದಿಲ್ಲ, ಕೈಸನ್ನೆಯಲ್ಲೇ ವ್ಯವಹಾರ. ಹೊರಗೆ ಬಂದ ಮೇಲೆ ಕಿವಿಗೆ ಮನುಷ್ಯರ ದನಿ ಬೇಕೆನಿಸುತ್ತಿತ್ತು ಎಂದು ದೊಡ್ಡಪ್ಪ ಹೇಳುತ್ತಿದ್ದರು.

ಭಜನೆ ಎಲ್ಲ ಚಾಳಗಳಲ್ಲೂ ಇತ್ತು. ಕೊಂಕಣದವರ ದಶಾವತಾರ, ಘಟ್ಟದವರ ಲೇಝಿಮ್, ತಮಾಶಾ ಇವೂ ಇದ್ದವು. ಆದರೆ ಗಿರಣಗಾಂವದ ನಿಜವಾದ ದನಿ ಎಂದರೆ ಶಾಹೀರನ ಪೋವಾಡ. ಪೋವಾಡವೆಂದರೆ ವೀರರ ಕಥೆ ಹೇಳುವ ಹಾಡು. ಶಾಹೀರನು ಡಫ ಹಿಡಿದು ಮುಂದೆ ನಿಲ್ಲುತ್ತಾನೆ. ಹಿಂದೆ ಒಬ್ಬನ ಕೈಯಲ್ಲಿ ತುಣತುಣೆ, ಮತ್ತೊಬ್ಬನ ಕೈಯಲ್ಲಿ ತಾಳ. ಕಟ್ಟಿಗೆಯ ಗಡಿಗೆಗೆ ಕೆಳಗೆ ತೊಗಲು ಬಿಗಿದು, ಪಕ್ಕಕ್ಕೆ ಒಂದು ಕೋಲು ಜೋಡಿಸಿ, ನಡುವೆ ಒಂದೇ ಒಂದು ತಂತಿ ಎಳೆದರೆ ತುಣತುಣೆಯಾಯಿತು. ಶಾಹೀರನು ನುಡಿ ಮುಗಿಸುತ್ತಲೇ ಹಿಂದಿನವರು 'ಜೀ ಜೀ ಜೀ' ಎಂದು ಎತ್ತಿಕೊಳ್ಳುತ್ತಾರೆ. ಇಷ್ಟು ಓದಿದ ಕೂಡಲೇ ನಿಮಗೆ ನಮ್ಮ ಗೀಗೀ ಪದದ ನೆನಪಾಗಿರಬೇಕು. ಅಲ್ಲಿಯೂ ಡಪ್ಪು, ತುಂತುಣಿ, ತಾಳ. ಅಲ್ಲಿಯೂ ಹಿಮ್ಮೇಳದವರ ಗೀಯ ಗೀಯ. ಮರಾಠಿಯ ಕಲಗಿ-ತುರಾ ಪಂಗಡಗಳೇ ನಮ್ಮಲ್ಲಿ ನಾಗೇಶಿ-ಹರದೇಶಿ. ಯಾರು ಯಾರಿಂದ ಕಲಿತರೆಂದು ಜಗಳ ತೆಗೆಯುವುದು ವ್ಯರ್ಥ. ಗಡಿಯ ಎರಡೂ ಕಡೆಯ ಜಾತ್ರೆಗಳಲ್ಲಿ ಒಂದೇ ತಂತಿ ನುಡಿದಿದೆ.

ಗಿರಣಗಾಂವದ ಶಾಹೀರರಲ್ಲಿ ಇಬ್ಬರನ್ನು ನೀವು ತಿಳಿದಿರಲೇಬೇಕು. ಇಬ್ಬರೂ ನಮ್ಮ ನೆರೆಯವರು. ಅಣ್ಣಾಭಾವೂ ಸಾಠೆಯವರು 1920ರ ಆಗಸ್ಟ್ 1ರಂದು ವಾಟೇಗಾಂವದಲ್ಲಿ ಹುಟ್ಟಿದರು. ಆ ಊರು ಈಗ ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇದೆ. ಅಸ್ಪೃಶ್ಯರೆನಿಸಿದ ಮಾಂಗ ಕುಲದ ಬಡ ಮನೆ. ಶಾಲೆಯನ್ನು ಅವರು ಕಂಡದ್ದು ಒಂದೂವರೆ ದಿನ ಮಾತ್ರ ಎಂದು ಹೇಳುತ್ತಾರೆ. ಹುಡುಗನಿದ್ದಾಗಲೇ ತಂದೆಯೊಡನೆ ಮುಂಬಯಿಗೆ ಕಾಲ್ನಡಿಗೆಯಲ್ಲಿ ಹೋದರು. ಗಿರಣಿಯಲ್ಲಿ ದುಡಿದರು. ಅಂಗಡಿಗಳ ಹಲಗೆ, ಗೋಡೆಯ ಜಾಹೀರಾತು ಓದುತ್ತ ಅಕ್ಷರ ಕಲಿತರು. ಮುಂದೆ ಅವರೇ ಬರೆದ 'ಫಕೀರಾ' ಕಾದಂಬರಿಗೆ ರಾಜ್ಯ ಪ್ರಶಸ್ತಿ ಬಂದಿತು.

ಎರಡನೆಯವರು ಅಮರ ಶೇಖ. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1916ರಲ್ಲಿ ಹುಟ್ಟಿದರು. ಮೂಲ ಹೆಸರು ಮೆಹಬೂಬ ಹುಸೇನ ಪಟೇಲ. ತಾಯಿ ಹಾಡುತ್ತಿದ್ದ ಓವಿಗಳೇ ಅವರ ಮೊದಲ ಪಾಠ. ಮೋಟಾರು ಬಸ್ಸಿನ ಕ್ಲೀನರ್ ಆಗಿದ್ದರು, ಗಿರಣಿ ಕೆಲಸಗಾರರಾಗಿದ್ದರು, ಮುಷ್ಕರ ಹೂಡಿ ಸೆರೆಮನೆಯನ್ನೂ ಕಂಡರು. ಅವರ ಕಂಠಕ್ಕೆ ಧ್ವನಿವರ್ಧಕ ಬೇಕಿರಲಿಲ್ಲ ಎಂಬುದು ಕೇಳಿದವರೆಲ್ಲರ ಮಾತು. ಇವರಿಬ್ಬರೂ ದ. ನಾ. ಗವ್ಹಾಣಕರರೂ ಕೂಡಿ 1944ರಲ್ಲಿ 'ಲಾಲ ಬಾವಟಾ ಕಲಾಪಥಕ' ಎಂಬ ಮೇಳ ಕಟ್ಟಿದರು. ಲಾಲ ಬಾವಟಾ ಎಂದರೆ ಕೆಂಪು ಬಾವುಟ. ಕಾರ್ಮಿಕ ಚಳವಳಿಯ ಮೇಳವೆಂದು ಹೆಸರೇ ಹೇಳುತ್ತದೆ. ಬಂಗಾಳದ ಕ್ಷಾಮದ ಮೇಲೆ, ಸ್ಟಾಲಿನ್‌ಗ್ರಾಡ್ ಯುದ್ಧದ ಮೇಲೆ, ಮುಂಬಯಿಯ ಸಿರಿತನ-ಬಡತನಗಳ ಮೇಲೆ ಹಾಡು ಕಟ್ಟಿದರು. ಶಿವಾಜಿಯ ಕಾಲದ ಕಥೆ ಹೇಳುತ್ತಿದ್ದ ಪೋವಾಡವು ಈಗ ಅದೇ ವಾರದ ಸುದ್ದಿ ಹೇಳತೊಡಗಿತು. ಎಲ್ಲವೂ ಉತ್ತಮ ಕಾವ್ಯವೆಂದು ನಾವು ಹೇಳುವುದಿಲ್ಲ. ಪಕ್ಷದ ಘೋಷಣೆಗೆ ತಾಳ ಹಾಕಿದಂಥ ಹಾಡುಗಳೂ ಸಾಕಷ್ಟಿವೆ. ಆದರೆ ಚೆನ್ನಾಗಿರುವವು ನಿಜಕ್ಕೂ ಚೆನ್ನಾಗಿವೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಈ ಹಾಡುಗಳ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಅಂದಿನ ಗ್ರಾಮೋಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಚಿತ್ರಗೀತೆಗೆ ಅಷ್ಟು ಸಾಕು. ಅರ್ಧ ತಾಸು, ಒಂದು ತಾಸು ಹಾಡುವ ಪೋವಾಡವನ್ನು ಅದರಲ್ಲಿ ತುಂಬುವುದೆಂತು? ಇನ್ನು ಆಕಾಶವಾಣಿ ಸರಕಾರದ್ದು. ಸರಕಾರವನ್ನೇ ಪ್ರಶ್ನಿಸುವ ಹಾಡಿಗೆ ಅಲ್ಲಿ ಜಾಗವೆಲ್ಲಿ? ಹೀಗಾಗಿ ಶಾಹೀರರು ತಮ್ಮ ದಾರಿ ತಾವೇ ಮಾಡಿಕೊಂಡರು. ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಬಾಗಿಲ ಮುಂದೆ ಡಫ ಬಾರಿಸಿದರೆ ಕ್ಷಣದಲ್ಲಿ ಸಾವಿರ ಜನ. ಮೊದಲು ಹಾಡು, ಆಮೇಲೆ ಮುಖಂಡನ ಭಾಷಣ. ಹಾಡನ್ನು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಆಣೆ, ಎರಡಾಣೆಗೆ ಮಾರುತ್ತಿದ್ದರು. ಕೊಂಡವನು ರಜೆಯಲ್ಲಿ ಊರಿಗೆ ಬಂದಾಗ ಹಾಡೂ ಊರಿಗೆ ಬಂತು.

ವಾಮನದಾದಾ ಕರ್ಡಕರ ಹೆಸರನ್ನು ಇಲ್ಲಿ ಬಿಡಲಾಗದು. 1922ರಲ್ಲಿ ನಾಸಿಕದ ಕಡೆ ಹುಟ್ಟಿ ಮುಂಬಯಿಗೆ ಬಂದವರು, ಅವರೂ ಗಿರಣಿಯಲ್ಲಿ ದುಡಿದವರು. ಚಾಳದಲ್ಲಿ ಯಾರೋ ಒಬ್ಬರು ಕಾಗದ ತಂದು ಓದಿಕೊಡಿರಿ ಎಂದಾಗ, ಓದಲು ಬಾರದೆ ಅತ್ತರಂತೆ. ಅದೇ ಹಟದಿಂದ ಅಕ್ಷರ ಕಲಿತು, ಡಾ. ಅಂಬೇಡಕರರ ವಿಚಾರಗಳನ್ನು ಸಾವಿರಾರು ಹಾಡುಗಳಲ್ಲಿ ಹಳ್ಳಿ ಹಳ್ಳಿಗೆ ಮುಟ್ಟಿಸಿದರು. 2004ರಲ್ಲಿ ತೀರಿಕೊಂಡರು. ಓದು ತಲೆಗೆ ಹತ್ತುವುದಿಲ್ಲ ಎನ್ನುವ ಒಂಬತ್ತನೆಯ ಇಯತ್ತೆಯ ಗೆಳೆಯರಿಗೆ ಈ ಕಥೆ ಹೇಳುವುದು ನಮ್ಮ ವಾಡಿಕೆ.

ಈಗ ದೊಡ್ಡಪ್ಪನವರ ಮಾತು. ಅವರು ಹೆಚ್ಚಾಗಿ ಹಾಡುತ್ತಿದ್ದುದು ಅಣ್ಣಾಭಾವೂ ಅವರ 'ಮಾಝೀ ಮೈನಾ' ಎಂಬ ಹಾಡು. ಹೆಂಡತಿಯನ್ನು ಊರಲ್ಲಿ ಬಿಟ್ಟು ಮುಂಬಯಿಗೆ ಬಂದ ಕೆಲಸಗಾರನು ಆಕೆಯನ್ನು ನೆನೆಯುವ ಹಾಡದು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಹುಟ್ಟಿದ್ದು. ಆದ್ದರಿಂದ ಹೆಂಡತಿಯ ಅಗಲಿಕೆಯಿಂದ ನಾಡಿನ ಅಗಲಿಕೆಗೆ ಹೊರಳಿ, ಬೆಳಗಾವಿ, ಕಾರವಾರಗಳ ಹೆಸರೂ ಅದರಲ್ಲಿ ಬರುತ್ತದೆ. ಅವು ಮಹಾರಾಷ್ಟ್ರಕ್ಕೆ ಸೇರಬೇಕಿತ್ತೆಂಬ ಅಳಲು. ಗಡಿನಾಡ ಕನ್ನಡಿಗರಾದ ನಾವು ಆ ಮಾತನ್ನು ಒಪ್ಪುವುದು ಹೇಗೆ? ಆದರೆ ದೊಡ್ಡಪ್ಪ ಆ ಹಾಡನ್ನು ಬಿಡಲಿಲ್ಲ. ಇಪ್ಪತ್ತೇಳು ವರ್ಷ ಅವರ ಮೈನಾ ಊರಲ್ಲಿ ಜೋಳ ಕೊಯ್ಯುತ್ತಿದ್ದಳು. ಬೆಳಗಾವಿಯ ಸಾಲು ಬಂದಾಗ ಅವರು ಬಾಯಿ ಮುಚ್ಚಿ ತುಣತುಣೆಯನ್ನಷ್ಟೇ ನುಡಿಸುತ್ತಿದ್ದರು. ಸಾಲು ದಾಟಿದ ಮೇಲೆ ಮತ್ತೆ ದನಿ ಎತ್ತುತ್ತಿದ್ದರು. ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಭಾಷಣದಲ್ಲಿಯೂ ನಾವು ಕೇಳಿಲ್ಲ.

1982ರ ಜನವರಿ 18ರಂದು ಗಿರಣಿಗಳ ಮಹಾ ಮುಷ್ಕರ ಆರಂಭವಾಯಿತು. ಅದು ಮುಗಿಯಿತೆಂದು ವಿಧಿವತ್ತಾಗಿ ಸಾರಿದವರೇ ಇಲ್ಲ. ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಭೂಮಿಯಲ್ಲಿ ಇಂದು ಎತ್ತರದ ಕಟ್ಟಡಗಳೂ ಮಾಲುಗಳೂ ಎದ್ದಿವೆ. ಕೆಲವು ಶಾಹೀರರ ಹಾಡು ಪುಸ್ತಕದಲ್ಲಿ ಉಳಿಯಿತು, ಕೆಲವು ಕ್ಯಾಸೆಟ್ಟಿಗೆ ಬಂದವು. ಹೆಸರಾಗದ ಮೇಳಗಳ ಹಾಡುಗಳು ಬಹುತೇಕ ಹಾಡಿದವರೊಂದಿಗೆ ಹೋದವು. ಕಂಪನಿಯ ಹಂಗಿಲ್ಲದ್ದರಿಂದ ಹೇಳಬೇಕಾದ್ದನ್ನು ಹೇಳಿದರು ನಿಜ, ಅದೇ ಕಾರಣದಿಂದ ಮುದ್ರಿಸಿಡುವವರೂ ಇರಲಿಲ್ಲ.

ದೊಡ್ಡಪ್ಪನವರಿಗೆ ತಮ್ಮ ಚಾಳದವರೇ ಕಟ್ಟಿದ ಒಂದು ಪೋವಾಡ ಬರುತ್ತಿತ್ತು. ಮಗ್ಗದಲ್ಲಿ ಕೈ ಕಳೆದುಕೊಂಡ ಒಬ್ಬನ ಕಥೆ. ಪೂರ್ತಿ ಹಾಡಲು ಮುಕ್ಕಾಲು ತಾಸು ಬೇಕು. ನಾವು ಹತ್ತನೆಯ ಇಯತ್ತೆಯಲ್ಲಿದ್ದಾಗ ಮನೆಯಲ್ಲಿ ಅಕ್ಕನ ಮದುವೆ. ರಾತ್ರಿ ಹಂದರದಲ್ಲಿ ಅವರು ಅದನ್ನು ಹಾಡತೊಡಗಿದರು. ಬೀಗರ ಮುಂದೆ ನಮಗೆ ನಾಚಿಕೆ. 'ಸಾಕು ಬಿಡ್ರಿ ದೊಡ್ಡಪ್ಪ, ಟೇಪು ಹಚ್ಚತಾರು' ಎಂದೆವು. ಅವರು ಮರುಮಾತಾಡದೆ ತುಣತುಣೆಯನ್ನು ಗೋಡೆಗೆ ಆನಿಸಿದರು. ಆಮೇಲೆ ನಮ್ಮೆದುರು ಆ ಪೋವಾಡವನ್ನು ಹಾಡಲೇ ಇಲ್ಲ. ನಾವು ಶಿಕ್ಷಕರಾಗಿ, ವಹಿ ಹಿಡಿದು ಬರೆದುಕೊಳ್ಳಲು ಹೋಗುವ ಹೊತ್ತಿಗೆ ಅವರಿರಲಿಲ್ಲ. ಮೊದಲ ನಾಲ್ಕು ಸಾಲು ಮಾತ್ರ ನಮ್ಮ ನೆನಪಿನಲ್ಲಿವೆ. ಕೈ ಹೋದ ಆ ಮನುಷ್ಯನ ಹೆಸರು ಐದನೆಯ ಸಾಲಿನಲ್ಲಿ ಬರುತ್ತಿತ್ತು.

ಕಳೆದ ದೀಪಾವಳಿ ರಜೆಯಲ್ಲಿ ಒಂಬತ್ತನೆಯ ಇಯತ್ತೆಯವರಿಗೆ ಒಂದು ಕೆಲಸ ಕೊಟ್ಟಿದ್ದೆವು. ಮನೆಯಲ್ಲಾಗಲಿ ಓಣಿಯಲ್ಲಾಗಲಿ ಮುಂಬಯಿ, ಸೋಲಾಪುರ, ಇಚಲಕರಂಜಿಯ ಗಿರಣಿಯಲ್ಲಿ ದುಡಿದವರಿದ್ದರೆ ಅವರು ಹಾಡುತ್ತಿದ್ದ ಹಾಡನ್ನು, ಕನ್ನಡವಿರಲಿ ಮರಾಠಿಯಿರಲಿ, ಕೇಳಿದಂತೆಯೇ ಬರೆದು ತರಬೇಕು. ಹನ್ನೊಂದು ಹಾಡು ಬಂದವು. ಏಳು ಮರಾಠಿ, ನಾಲ್ಕು ಕನ್ನಡ. ಒಬ್ಬ ವಿದ್ಯಾರ್ಥಿನಿ ಅಜ್ಜಿಯ ಹಾಡನ್ನು ಬರೆಯುತ್ತ ನಡುವೆ 'ಇಲ್ಲಿ ಅಜ್ಜಿಗೆ ಮರೆತಿದೆ' ಎಂದು ಗುರುತು ಹಾಕಿ ಎರಡು ಗೆರೆ ಖಾಲಿ ಬಿಟ್ಟಿದ್ದಾಳೆ. ಆ ವಹಿ ವಾಚನಾಲಯದ ಎರಡನೆಯ ಕಪಾಟಿನಲ್ಲಿದೆ. ಅದರಲ್ಲಿ ಇನ್ನೂ ತುಂಬ ಹಾಳೆಗಳು ಉಳಿದಿವೆ. ಪಾಲಕರು ಶನಿವಾರ ಶಾಲೆ ಬಿಟ್ಟ ಮೇಲೆ ಬಂದರೆ ನಾವು ಬರೆದುಕೊಳ್ಳಲು ಸಿದ್ಧರಿದ್ದೇವೆ. ತುಣತುಣೆಯನ್ನೂ ಅಲ್ಲೇ ಇಟ್ಟಿದ್ದೇವೆ, ತಂತಿ ಹೊಸದು.