ಧ್ವನಿಮುದ್ರಣಶಾಲೆಯಲ್ಲಿ ಶಬ್ದನಿರೋಧವೂ ಶಬ್ದಶೋಷಣವೂ

ವಿಶ್ವವಿದ್ಯಾನಿಲಯಗಳ ಸಂಗೀತವಿಭಾಗಗಳಿಗೆ ಧ್ವನಿಮುದ್ರಣಶಾಲೆಯನ್ನು ಕಟ್ಟಿಸುವಾಗ ಎರಡು ಭಿನ್ನ ಕಾರ್ಯಗಳನ್ನು ಒಂದೆಂದು ಭ್ರಮಿಸುವುದುಂಟು. ಹೊರಗಿನ ಶಬ್ದವು ಒಳಕ್ಕೆ ಬಾರದಂತೆ ತಡೆಯುವುದು ನಿರೋಧ. ಒಳಗೆ ಹುಟ್ಟಿದ ಶಬ್ದವು ಗೋಡೆಗಳಿಗೆ ತಾಕಿ ಮರಳಿ ಮರಳಿ ಮೊಳಗುವ ಅನುರಣನವನ್ನು ಹೀರಿ ತಗ್ಗಿಸುವುದು ಶೋಷಣ. ಈ ಭೇದವನ್ನರಿಯದೆ ಗೋಡೆಗೆ ಮೆತ್ತೆಯನ್ನು ಹೊದಿಸಿ ಕೃತಕೃತ್ಯರಾದೆವೆಂದು ಬಗೆದರೆ, ತಂಬೂರಿಯ ಸೂಕ್ಷ್ಮನಾದದೊಡನೆ ಬೀದಿಯ ಗದ್ದಲವೂ ಮುದ್ರಿತವಾಗುವುದು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೃತ್ತಾಂತವೊಂದು ಇದಕ್ಕೆ ನಿದರ್ಶನವಾಗಿದೆ. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡುಗಳವರೆಗೆ ಮೊಳಗುತ್ತಿದ್ದುದರಿಂದ ಪದಗಳು ಒಂದರ ಮೇಲೊಂದು ಬಿದ್ದು ಅರ್ಥವಾಗುತ್ತಿರಲಿಲ್ಲ. ಇದರ ಪರಿಹಾರಕ್ಕೆ ತೊಡಗಿದ ವಾಲೇಸ್ ಸಬೈನರು ಸ್ಯಾಂಡರ್ಸ್ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ತರಿಸಿ ಇರಿಸಿದಷ್ಟೂ ಅನುರಣನವು ಇಳಿಯಿತು. ಆದರೂ ಅಳತೆಗಳನ್ನು ನಡುರಾತ್ರಿ ಕಳೆದ ಮೇಲೆಯೇ ಮಾಡಬೇಕಾಯಿತು. ಬೀದಿಯ ಟ್ರಾಮುಗಳ ಸದ್ದನ್ನು ತಡೆಯುವ ಶಕ್ತಿ ಮೆತ್ತೆಗಳಿಗಿಲ್ಲವಷ್ಟೆ. ಶೋಷಣಕ್ಕೆ ಅವರು ಮಾನವಾಗಿ ಹಿಡಿದುದು ತೆರೆದ ಕಿಟಕಿಯನ್ನು. ಅದನ್ನು ಸೇರಿದ ಒಳಗಿನ ಶಬ್ದವು ಮರಳುವುದಿಲ್ಲ. ಆ ಕಿಟಕಿಯೇ ಹೊರಗಿನ ಶಬ್ದಕ್ಕೆ ಹೆಬ್ಬಾಗಿಲು! ಉತ್ತಮ ಶೋಷಕವು ಅಧಮ ನಿರೋಧಕವಾಗಬಹುದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ನಿರೋಧಕ್ಕೆ ಸಾಧನವು ಭಾರ. ಶಬ್ದವು ವೀಚೀತರಂಗನ್ಯಾಯದಿಂದ ಕಿವಿಯನ್ನು ಸೇರುವುದೆಂದು ನೈಯಾಯಿಕರು ಹೇಳಿದರು. ಅಂತಹ ಅಲೆಯು ಗೋಡೆಯನ್ನು ಅಲುಗಿಸಿ, ಗೋಡೆಯು ಆಚೆಯ ಗಾಳಿಯನ್ನು ಅಲುಗಿಸುವುದರಿಂದ ಶಬ್ದವು ದಾಟುತ್ತದೆಂಬುದು ಇಂದಿನ ಭೌತವಿಜ್ಞಾನದ ಮತ. ಭಾರವಾದ ಗೋಡೆ ಕಡಮೆ ಅಲುಗುವುದು. ಆದರೆ ಭಾರವನ್ನು ಇಮ್ಮಡಿಸಿದರೂ ನಿರೋಧವು ಹೆಚ್ಚೆಂದರೆ ಸುಮಾರು 6 ಡೆಸಿಬೆಲ್ ಏರುವುದರಿಂದ, ಒಂದೇ ಗೋಡೆಯನ್ನು ದಪ್ಪಮಾಡುತ್ತ ಹೋಗುವುದು ಲಾಭಕರವಲ್ಲ. ನಡುವೆ ಗಾಳಿಗೆ ಎಡೆಬಿಟ್ಟು, ಒಳನೆಲವನ್ನು ರಬ್ಬರಿನ ಮೇಲೆ ನಿಲ್ಲಿಸಿ, ಕೋಣೆಯೊಳಗೆ ಮತ್ತೊಂದು ಕೋಣೆಯನ್ನು ಕಟ್ಟತಕ್ಕದ್ದು. ಗಡುಸಾದ ತೊಲೆಯೊಂದು ಎರಡನ್ನೂ ಬೆಸೆದರೆ ಅದರ ಮೂಲಕವೇ ಕಂಪನವು ದಾಟುವುದು. ಸಂದುಗಳಾದರೋ ಇನ್ನೂ ಅಪಾಯಕರ: ಗೋಡೆಯ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದುದು ಎಷ್ಟು ಗಟ್ಟಿಯಾಗಿದ್ದರೂ ನಿರೋಧವು 20 ಡೆಸಿಬೆಲನ್ನು ಮೀರದು. ಆದಕಾರಣ ಬಾಗಿಲುಗಳು ಇಮ್ಮಡಿಯಾಗಿ, ಅಂಚುಗಳು ಬಿಗಿಯಾಗಿರಬೇಕು. ಗಾಳಿಯ ಕೊಳವೆಗಳ ಒಳಮೈಗೆ ಶೋಷಕವನ್ನು ಹೊದಿಸಬೇಕು.

ಇಷ್ಟಾದ ಮೇಲೆ ಶೋಷಣದ ವಿಚಾರ. ಅದೂ ಮಿತವಾಗಿರಬೇಕು, ಅನುರಣನವೇ ಇಲ್ಲದೆಡೆಯಲ್ಲಿ ಗಾನವು ಒಣಗಿದಂತೆ ತೋರುವುದು. ಮೆತ್ತೆಯನ್ನು ಎಂದಾದರೂ ಹೊದಿಸಬಹುದು, ತೆಗೆಯಲೂಬಹುದು. ಮುಗಿದ ಕಟ್ಟಡದೊಳಗೆ ಎರಡನೆಯ ಗೋಡೆಯನ್ನೆಬ್ಬಿಸುವುದು ಕಷ್ಟಸಾಧ್ಯ. ಆದುದರಿಂದ ನಿರೋಧದ ಚಿಂತೆಯು ಅಸ್ತಿಭಾರಕ್ಕೆ ಮೊದಲೇ ನಡೆಯತಕ್ಕುದೆಂಬುದು ಸಿದ್ಧವಾಯಿತು.